ಚುಕ್ಕಿಯ ಬಲಗಡೆ

ಕುಕ್ಕರು ಎರಡನೇ ಸಲ ಕೂಗುವ ಹೊತ್ತಿಗೆ ಲೆಕ್ಕದ ಮೇಷ್ಟ್ರು ನಮ್ಮ ಅಡುಗೆಮನೆಗೆ ಬಂದಿರುತ್ತಿದ್ದರು. ರಾಗಿ ಹಿಟ್ಟಿನ ಡಬ್ಬಕ್ಕೆ ಫೋನು ಒರಗಿಸಿ ನಿಲ್ಲಿಸುತ್ತಿದ್ದೆ. ತೆಳ್ಳಗಿನ ಮನುಷ್ಯ, ನೀಲಿ ಅಂಗಿ, ಹಿಂದೆ ಬಿಳಿ ಬೋರ್ಡು. "ಬನ್ನಿ ಮಕ್ಕಳೇ, ಇವತ್ತು ಭಿನ್ನರಾಶಿಗಳ ಲೋಕಕ್ಕೆ ಹೋಗೋಣ" ಅನ್ನುತ್ತಿದ್ದರು. ಹೋಗಲು ನಾನೂ ತಯಾರಿದ್ದೆ. ಆದರೆ ಒಲೆಯ ಮೇಲೆ ಹಾಲು, ಕೈಯಲ್ಲಿ ಹುರುಳಿಕಾಯಿ, ಇನ್ನರ್ಧ ಗಂಟೆಗೆ ಬಸ್ಸು. ಛೇದ ಯಾವುದು ಅಂಶ ಯಾವುದು ಅಂತ ಗೊತ್ತಾಗುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು.

"ಯಾರಮ್ಮ ಅವ್ನು, ದಿನಾ ಒತ್ತಾರೆಗೇ ಬಂದು ನಿಂತ್ಕತಾನೆ?" ಅಂತ ಅತ್ತೆ ಮೊದಲ ವಾರ ಕೇಳಿದರು. ಹಾಲಿನ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದರು.

"ಲೆಕ್ಕದ ಮೇಷ್ಟ್ರು ಅತ್ತೆ."

"ಬಂದೋನಿಗೆ ಒಂದ್ ಲೋಟ ಕಾಪಿನಾದ್ರೂ ಕೊಡು. ನಿಂತ್ಕಂಡೇ ಬಡ್ಕತಾವ್ನೆ ಪಾಪ."

ನಾನು ಆಗ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಸಮಾಜ ವಿಜ್ಞಾನಕ್ಕೆ ಅಂತ ತೆಗೆದುಕೊಂಡಿದ್ದರು. ಶಾಲೆ ಶುರುವಾಗಿ ತಿಂಗಳಾಗಿರಲಿಲ್ಲ, ಅಲ್ಲಿದ್ದ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದರು. ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಮಾತಿಗೆ ಸುತ್ತು ಬಳಸದ ಹೆಂಗಸು. "ಆರನೇ ಕ್ಲಾಸಿನ ಲೆಕ್ಕ ನೀವು ತಗೋಬೇಕು. ನಮಗಿರೋದು ಒಂದೇ ಅತಿಥಿ ಹುದ್ದೆ. ಸಮಾಜ ಬೇಕಾದರೆ ನಾನೇ ಮಾಡ್ತೀನಿ, ಲೆಕ್ಕ ನನಗಾಗಲ್ಲ. ನಿಮಗೂ ಆಗಲ್ಲ ಅಂದರೆ ಈಗಲೇ ಹೇಳಿ, ಲೆಕ್ಕ ಬರೋರನ್ನ ನೋಡ್ಕೋತೀನಿ. ದಸರಾ ಕಳೆದ ಮೇಲೆ ಬಂದು ಕೂತು ಪಾಠ ನೋಡ್ತೀನಿ."

"ಆಗುತ್ತೆ ಮೇಡಂ" ಅಂದೆ. ಆಗುತ್ತಿರಲಿಲ್ಲ.

ನಾನು ಬಿ.ಎ. ತವರು, ಗಂಡನ ಮನೆ ಎರಡೂ ಸೇರಿಸಿಕೊಂಡು ಡಿಗ್ರಿ ಮಾಡಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ತವರು ಯಲಿಯೂರಿನ ಹತ್ತಿರ. ಅಲ್ಲಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ಬಾಗಿಲ ಹತ್ತಿರ ನಿಂತು, ಗಾಳಿಗೆ ಹಾರುವ ನೋಟ್ಸಿನ ಹಾಳೆಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಾಡಿದ ಡಿಗ್ರಿ ಅದು. ಕರಿ ಗೌನು ಹಾಕಿಕೊಂಡು ತೆಗೆಸಿದ ಫೋಟೋ ಗಂಡನ ಮನೆಯ ನಡುಮನೆಯಲ್ಲಿ ದೇವರ ಪಟದ ಪಕ್ಕ ಇದೆ. ಬಂದವರಿಗೆಲ್ಲ ಅತ್ತೆಯೇ ತೋರಿಸುತ್ತಾರೆ, "ವಕೀಲ್ರ ಡ್ರೆಸ್ಸಲ್ಲ, ಡಿಗ್ರಿದು" ಅಂತ. ಆದರೆ ಆ ಫೋಟೋದವಳಿಗೆ ಭಿನ್ನರಾಶಿ ಕೂಡಿಸಲು ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಗಣಿತದ ಮೇಷ್ಟ್ರಿಗೆ ವರ್ಷವೆಲ್ಲ ಗಣತಿ, ಚುನಾವಣೆ ಅಂತ ಯಾವುದಾದರೂ ಡ್ಯೂಟಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಮೇಯಗಳನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿ ಪಾಸಾದೆ. ಆಮೇಲೆ ಆರ್ಟ್ಸ್ ತೆಗೆದುಕೊಂಡು, ಇನ್ನು ಈ ಜನ್ಮಕ್ಕೆ ಲೆಕ್ಕದ ಮುಖ ನೋಡುವುದಿಲ್ಲ ಅಂತ ನೆಮ್ಮದಿಯಾಗಿದ್ದೆ.

ಈಗ ಅದು ದಿನಾ ಬೆಳಗ್ಗೆ ರಾಗಿ ಡಬ್ಬಕ್ಕೆ ಒರಗಿಕೊಂಡು ನಿಲ್ಲುತ್ತಿತ್ತು. ಕೆಲಸ ಹೋದರೆ ಮತ್ತೆ ಕ್ಯಾನು ತೊಳೆಯುವುದಿತ್ತು. ತೊಳೆಯುವುದಕ್ಕೆ ಬೇಸರವಿಲ್ಲ, ಈಗಲೂ ತೊಳೆಯುತ್ತೇನೆ. ಆದರೆ ಬೆಳಗ್ಗೆ ಸೀರೆಗೆ ಪಿನ್ನು ಹಾಕಿಕೊಂಡು, ಬ್ಯಾಗು ತಗಲಿಸಿಕೊಂಡು, ಊರ ಮುಂದೆ ಬಸ್ಸಿಗೆ ನಿಂತಾಗ "ಮಿಸ್ಸು ಬಂದ್ರು, ಜಾಗ ಬುಡ್ರಲಾ" ಅನ್ನುವ ಆ ಮಾತನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಹಾಗಾಗಿ ಮಕ್ಕಳಿಗಿಂತ ಒಂದು ಪಾಠ ಮುಂದೆ ಓಡುವುದೇ ಬದುಕಾಯಿತು. ಹಿಂದಿನ ದಿನ ಡೌನ್‌ಲೋಡ್ ಮಾಡಿಟ್ಟ ಪಾಠವನ್ನು ಬೆಳಗ್ಗೆ ಅಡುಗೆಮನೆಯಲ್ಲಿ ಕೇಳುವುದು, ಸಾಯಂಕಾಲ ತಾರಸಿ ಹತ್ತಿ ನೀರಿನ ಟ್ಯಾಂಕಿನ ಪಕ್ಕ ಅದರ ಲೆಕ್ಕಗಳ ವಿಡಿಯೋ ನೋಡಿ ಮಾರನೆಯ ದಿನದ ಪಾಠ ಡೌನ್‌ಲೋಡ್ ಮಾಡಿಕೊಳ್ಳುವುದು. ನಮ್ಮ ಮನೆಯಲ್ಲಿ ಸಿಗ್ನಲ್ಲು ನೆಟ್ಟಗೆ ಸಿಗುವುದು ಅಲ್ಲೊಂದೇ ಕಡೆ. ಅದೂ ಕೂತರೆ ಹೋಗುತ್ತಿತ್ತು, ನಿಂತರೆ ಬರುತ್ತಿತ್ತು. ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ನಾನು ಪೂರ್ತಿ ನಿಂತುಕೊಂಡೇ ಕಲಿತೆ. ಕೆಳಗೆ ಗಂಡ "ಅಸ ಕಟ್ಟೋ ಹಗ್ಗ ಎಲ್ ಮಡಗಿದ್ದೀಯೇ" ಅಂತ ಕೂಗುತ್ತಿದ್ದರೆ, ಮೇಲೆ ಮೇಷ್ಟ್ರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತು ನಡುವೆ ಒಂದು ಚಕ್ರ ತಿರುಗುತ್ತಿತ್ತು. ಆ ಚಕ್ರ ಸುಮ್ಮನಿದ್ದದ್ದನ್ನೇ ನಾನು ಕಾಣೆ.

ಹೊತ್ತು ಉಳಿಸಲು ಮೇಷ್ಟ್ರನ್ನು ಬೇಗ ಓಡಿಸಿ ನೋಡಿದೆ. ಇಲಿ ಕೀಚುಗುಟ್ಟಿದ ಹಾಗೆ ಕೇಳಿಸಿತು. ಅರ್ಥವಾಗಲಿ ಅಂತ ನಿಧಾನ ಮಾಡಿದೆ. ಅವತ್ತು ಅತ್ತೆ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ಕೇಳಿ, "ಇವತ್ತು ಕುಡ್ಕ ಬಂದವ್ನೆ ಕಣಮ್ಮ ನಿನ್ ಮೇಷ್ಟ್ರು. ಎಳೀತಾವ್ನೆ ನೋಡು. ಸಾಕು, ಕಳ್ಸು ಮನೆಗೆ" ಅಂದರು.

ಬಸ್ಸಿನಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಮುಂದೆ ಹೋಗುವ ಬೈಕಿನ ನಂಬರು ಮೂರರಿಂದ ಭಾಗವಾಗುತ್ತಾ ಅಂತ ಅಂಕಿಗಳನ್ನು ಕೂಡಿಸುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಂತರೆ ಎಲ್ಲರೂ ಡ್ರೈವರನ್ನು ಬೈಯುತ್ತಿದ್ದರು. ನಾನು ಕಿವಿಗೆ ವೈರು ಸಿಕ್ಕಿಸಿಕೊಂಡು ಇನ್ನೊಂದು ಸಲ ಕೇಳಲು ಬಿಡುವು ಸಿಕ್ಕಿತು ಅಂದುಕೊಳ್ಳುತ್ತಿದ್ದೆ. ಕೂತಲ್ಲೆಲ್ಲ ಕಾಲು ಅಲ್ಲಾಡಿಸುವ ಚಾಳಿ ಶುರುವಾದದ್ದೂ ಆಗಲೇ.

ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸುತ್ತಿದ್ದೆ. ಲೆಕ್ಕದ ಜೊತೆ ಅವರ ದನಿಯೂ ಬಂದುಬಿಟ್ಟಿತ್ತು. "ಬನ್ನಿ ಮಕ್ಕಳೇ, ಹೋಗೋಣ" ಅನ್ನುತ್ತಿದ್ದೆ. ಅವರು ಪಿಜ್ಜಾ ಕತ್ತರಿಸಿದರೆ ನಾನೂ ಪಿಜ್ಜಾ ಬರೆದು ಎಂಟು ಭಾಗ ಮಾಡುತ್ತಿದ್ದೆ.

"ಮಿಸ್, ನೀವ್ ತಿಂದಿದ್ದೀರಾ ಅದ್ನ?" ಅಂತ ಮುಂದಿನ ಸಾಲಿನ ಹುಡುಗಿ ಕೇಳಿದಳು. ಬಾಯಿ ಬಡುಕಿ, ಎರಡು ಜಡೆ, ಎರಡಕ್ಕೂ ಬೇರೆ ಬೇರೆ ಬಣ್ಣದ ಟೇಪು.

ತಿಂದಿರಲಿಲ್ಲ. "ಇಲ್ಲಿ ಪಿಜ್ಜಾ ಮುಖ್ಯವಲ್ಲ, ಭಾಗ ಮುಖ್ಯ" ಅಂದೆ, ಅವರದ್ದೇ ದನಿಯಲ್ಲಿ.

"ಮಿಸ್ಸು ಫೋನಿನಂಗೆ ಮಾತಾಡ್ತಾರೆ ಕಣ್ಲಾ" ಅಂತ ಹಿಂದಿನ ಬೆಂಚಿನಿಂದ ಬಂತು. ಕೇಳಿಸಲಿಲ್ಲ ಅನ್ನುವ ಹಾಗೆ ಬೋರ್ಡಿಗೆ ತಿರುಗಿದೆ. ನಿಜ ಹೇಳಬೇಕೆಂದರೆ ನನಗದು ಹೊಗಳಿಕೆಯಂತೆಯೇ ಕೇಳಿಸಿತ್ತು. ನನ್ನ ಮಾತಿನಲ್ಲಿ ಊರು ಕೇಳಿಸದಿದ್ದರೆ ಲೆಕ್ಕವೂ ಸರಿಯಿರುತ್ತದೆ ಅಂತ ನಂಬಿದ್ದ ಕಾಲ ಅದು.

ದಶಮಾಂಶದ ಪಾಠ ಬಂದದ್ದು ಗೌರಿ ಹಬ್ಬದ ಆಸುಪಾಸಿನಲ್ಲಿ. ಚುಕ್ಕಿಯ ಬಲಗಡೆ ಒಂದೇ ಅಂಕಿ ಇದ್ದಾಗ ಸುಲಭವಾಗಿ ಹೋಯಿತು. ಆಮೇಲೆ ಮೇಷ್ಟ್ರು ಬೋರ್ಡಿನ ಮೇಲೆ 1.25 ಬರೆದು, ಅದರ ಕೆಳಗೆ 2.30 ಬರೆದು ಕೂಡಿಸಿ 3.55 ಅಂದರು. ನಾನು ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ. ತಪ್ಪು. ಕಣ್ಣಿಗೆ ಹೊಡೆಯುವಂಥ ತಪ್ಪು. 4.15 ಬರಬೇಕಿತ್ತು. ಹಿಂದೆ ತಳ್ಳಿ ಮತ್ತೆ ಕೇಳಿದೆ. ಮತ್ತೆ ಅದೇ ನಗುಮುಖ, ಅದೇ 3.55.

ಅಷ್ಟು ದಿನ ನನಗೇ ಗೊತ್ತಿಲ್ಲ ಗೊತ್ತಿಲ್ಲ ಅಂತ ಕುಗ್ಗಿದ್ದವಳಿಗೆ ಅವತ್ತು ಎಂಥ ಖುಷಿಯಾಯಿತು ಅಂದರೆ, ಈರುಳ್ಳಿ ಕೈಯಲ್ಲೇ ತಾರಸಿಗೆ ಓಡಿ ವಿಡಿಯೋದ ಕೆಳಗೆ ಬರೆದೆ: ‘ಸರ್, ನಿಮ್ಮ ಉತ್ತರ ತಪ್ಪಾಗಿದೆ. 4.15 ಆಗಬೇಕು. ಸಾವಿರಾರು ಮಕ್ಕಳು ನೋಡುತ್ತಾರೆ, ದಯವಿಟ್ಟು ಸರಿಪಡಿಸಿ.’ ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎ.

ಕೆಳಗಿಳಿದು ಬಂದು ಅತ್ತೆಗೆ ಹೇಳಿದೆ. "ನಿಮ್ಮ ಮೇಷ್ಟ್ರು ಇವತ್ತು ಎಡವಿದ್ರು. ಒಂದು ಇಪ್ಪತ್ತೈದೂ ಎರಡು ಮೂವತ್ತೂ ಕೂಡಿಸಿ ಮೂರು ಐವತ್ತೈದು ಅಂತಾರೆ."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕರು. "ಐವತ್ತೈದ್ ಗುಂಟೆ ಅಂತ ಯಾವೂರಲ್ಲಿ ಅಂತಾರೆ? ಒಂದೆಕ್ರೆ ಅದ್ನೈದ್ ಗುಂಟೆ ಆಗಲ್ವಾ. ನಾಕೆಕ್ರೆ ಅದ್ನೈದು. ಇಷ್ಟೂ ಗೊತ್ತಿಲ್ದೆ ಇವ್ನೇನ್ ಮೇಷ್ಟ್ರು! ಬುಡು ಅತ್ಲಾಗೆ."

ಅವರು ನನ್ನ ಪರ ನಿಂತದ್ದೇ ನನ್ನ ಕಾಲಡಿಯ ನೆಲ ಜಾರಿಸಿತು. ಗುಂಟೆ. ಮೇಷ್ಟ್ರು ಗುಂಟೆ ಅಂದಿರಲೇ ಇಲ್ಲ. ಎಕರೆ ಅಂತಲೂ ಅಂದಿರಲಿಲ್ಲ. ಬರೀ ಸಂಖ್ಯೆ ಬರೆದಿದ್ದರು.

ನನಗೆ ಅಕ್ಷರ ಕೂಡಿಸಿ ಓದಲು ಬಂದ ದಿನದಿಂದ ಅಪ್ಪನ ಜಮೀನಿನ ಪಹಣಿ ಓದುತ್ತಿದ್ದವಳು ನಾನೇ. ಮನೆಯಲ್ಲಿ ಬೇರೆ ಯಾರಿಗೂ ಓದು ಬರುತ್ತಿರಲಿಲ್ಲ. ನಾಡಕಚೇರಿಯಿಂದ ಅಪ್ಪ ತಂದ ಹಾಳೆ ಹಿಡಿದು, ಜಗಲಿಯ ಮೇಲೆ ನಿಂತು, "ಒಂದು ಚುಕ್ಕಿ ಇಪ್ಪತ್ತೈದು, ಅಪ್ಪಾ" ಅನ್ನುತ್ತಿದ್ದೆ. "ಒಂದೆಕ್ರೆ ಇಪ್ಪತ್ತೈದ್ ಗುಂಟೆ" ಅಂತ ಅವರು ತಲೆದೂಗುತ್ತಿದ್ದರು. ಚುಕ್ಕಿಯ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ನಲವತ್ತು ಗುಂಟೆ ತುಂಬಿದರೆ ಎಡಕ್ಕೆ ದಾಟಿ ಒಂದು ಎಕರೆ. ಸೊನ್ನೆ ಚುಕ್ಕಿ ಇಪ್ಪತ್ತು ಅಂದರೆ ಅರ್ಧ ಎಕರೆ. ನನ್ನ ತಲೆಯಲ್ಲಿ ಚುಕ್ಕಿ ಅಂದರೆ ಹುಟ್ಟಿದಾಗಿನಿಂದ ಹೊಲದ ಬದುವೇ. ಪ್ರಪಂಚದಲ್ಲಿ ಇನ್ನೊಂದು ಥರದ ಚುಕ್ಕಿ ಇದೆ, ಅದರ ಬಲಗಡೆ ತೊಂಬತ್ತೊಂಬತ್ತರ ತನಕ ಆರಾಮಾಗಿ ಬೆಳೆಯಬಹುದು ಅಂತ ಶಾಲೆಯಲ್ಲಿ ಯಾರೋ ಹೇಳಿರಬೇಕು. ಹೇಳಿದ ದಿನ ನಾನು ಪುಸ್ತಕದಲ್ಲಿ ಇದ್ದದ್ದನ್ನು ಇಳಿಸಿಕೊಂಡು ಸುಮ್ಮನಾಗಿರಬೇಕು.

ಮತ್ತೆ ತಾರಸಿಗೆ ಓಡಿದೆ. ನಾನು ಬರೆದದ್ದರ ಕೆಳಗೆ ಆಗಲೇ ಜನ ಬಂದಿದ್ದರು. ನಗುವ ಮುಖಗಳ ಸಾಲು. ‘ಮೇಡಂ, ಮೊದಲು ಐದನೇ ಕ್ಲಾಸಿಗೆ ಹೋಗಿ ಬನ್ನಿ.’ ‘ಬಿ.ಎ. ಯಾವ ಊರಲ್ಲಿ ಸಿಗುತ್ತೆ?’ ಬರೆದದ್ದನ್ನು ಅಳಿಸಿ ಹಾಕಿದೆ. ಕೈ ಈರುಳ್ಳಿಯ ವಾಸನೆ ಹೊಡೆಯುತ್ತಿತ್ತು. ಐದನೇ ಕ್ಲಾಸಿನ ಮಾತಿಗೆ ಅಷ್ಟು ಉರಿಯಲಿಲ್ಲ. ಡಿಗ್ರಿಯ ಮಾತಿಗೆ ಉರಿಯಿತು. ಆ ರೈಲಿನ ಬಾಗಿಲಲ್ಲಿ ಅವರು ನಿಂತಿದ್ದರೆ ಗೊತ್ತಾಗುತ್ತಿತ್ತು.

ಆ ಪಾಠವನ್ನು ಕ್ಲಾಸಿನಲ್ಲಿ ಮಾಡಿದಾಗ ಗುಂಟೆಯ ಸುದ್ದಿಯನ್ನೇ ಎತ್ತಲಿಲ್ಲ. ಚುಕ್ಕಿಯ ಕೆಳಗೆ ಚುಕ್ಕಿ ಬರೆಸಿದೆ, ಮೇಷ್ಟ್ರ ಹಾಗೆಯೇ. ಬಲಗಡೆ ಎರಡಂಕಿ ಬಂದ ಕೂಡಲೇ "ಇದು ರೂಪಾಯಿ, ಇದು ಪೈಸೆ" ಅಂತ ನಾನೇ ಮೊದಲು ಹೇಳಿಬಿಡುತ್ತಿದ್ದೆ. ಮಕ್ಕಳು ಸರಿಯಾಗಿ ಮಾಡುತ್ತಿದ್ದರು. ಬಗೆಹರಿಯಿತು ಅಂದುಕೊಂಡೆ. ಆದರೂ ಎದೆಯಲ್ಲಿ ಏನೋ ಒಂದು ಕೂತಿತ್ತು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಅನ್ನುವ ಹಾಗೆ.

ದಸರಾ ರಜ ಮುಗಿದ ವಾರ ಮುಖ್ಯೋಪಾಧ್ಯಾಯಿನಿ ಹೇಳಿದಂತೆ ಬಂದರು. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತು ನನ್ನ "ಬನ್ನಿ ಮಕ್ಕಳೇ"ಗಳನ್ನೆಲ್ಲ ಕೇಳಿದರು. ಪಾಠ ಜಾರಿಕೊಂಡು ಹೋಗುತ್ತಿತ್ತು, ಇನ್ನೇನು ಗಂಟೆ ಹೊಡೆಯಬೇಕು, ಆಗ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. 2.30 ಬರೆದರು. ಕೆಳಗೆ 1.20. ರೂಪಾಯಿಯ ಗುರುತಿಲ್ಲ, ಮೀಟರಿನ ಗುರುತಿಲ್ಲ. "ಬರೆಯೋದು ಬೇಡ. ಬಾಯಲ್ಲಿ ಕೂಡಿಸಿ ಹೇಳಿ."

ನನಗೆ ಆಗಲೇ ಗೊತ್ತಾಗಿಹೋಯಿತು.

"ನಾಕು ಪಾಯಿಂಟು ಅತ್ತು!" ಎರಡು ಜಡೆಯವಳೇ ಮೊದಲು ಕೂಗಿದ್ದು. ಅವಳ ಹಿಂದೆಯೇ ಇನ್ನೊಂದು ಬೆಂಚು, ಆಮೇಲೆ ಇಡೀ ಕ್ಲಾಸು, "ನಾಕು ಪಾಯಿಂಟು ಅತ್ತು ಮೇಡಂ!" ಮೂರು ಪಾಯಿಂಟು ಐವತ್ತು ಅಂದವರು ಒಬ್ಬರೂ ಇಲ್ಲ.

ಮುಖ್ಯೋಪಾಧ್ಯಾಯಿನಿ ನನ್ನ ಕಡೆ ತಿರುಗಿದರು. ದನಿ ತಗ್ಗಿಸಿ, "ಒಬ್ಬರಲ್ಲ ಇಬ್ಬರಲ್ಲ. ಎಲ್ಲರೂ ಒಂದೇ ತಪ್ಪು ಹೇಳ್ತಿದ್ದಾರೆ ಅಂದರೆ ಇದು ಹೇಳಿಕೊಟ್ಟ ತಪ್ಪು. ನೀವು ಹೀಗೇನಾ ಹೇಳಿಕೊಟ್ಟಿರೋದು?" ಅಂದರು.

ಹಾಗೆ ಹೇಳಿಕೊಟ್ಟಿಲ್ಲ ಅನ್ನಬಹುದಿತ್ತು, ಅದು ನಿಜ ಕೂಡ. ಮಕ್ಕಳನ್ನು ಗದರಿ "ಪುಸ್ತಕ ತೆಗೀರಿ" ಅನ್ನಬಹುದಿತ್ತು. ಫೋನಿನ ದನಿಯಲ್ಲಿ ಒಂದು ಮಾತು ಹುಡುಕಿದೆ. ಸಿಗಲಿಲ್ಲ. ಆ ಮೇಷ್ಟ್ರಿಗೆ ಇಂಥ ಮಕ್ಕಳು ಸಿಕ್ಕಿರಲಿಕ್ಕಿಲ್ಲ.

"ಲೇ, ಎಂಗ್ ಮಾಡ್ದೆ ಅಂತ ಏಳವ್ವ" ಅಂದೆ, ಎರಡು ಜಡೆಯವಳಿಗೆ. ಶಾಲೆಯೊಳಗೆ ಊರಿನ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ಎದ್ದು ನಿಂತು, "ಮೂವತ್ತೂ ಇಪ್ಪತ್ತೂ ಐವತ್ತು. ನಲವತ್ತು ತಗುದ್ರೆ ಅತ್ತು. ಆ ನಲವತ್ತು ಒಂದಾಯ್ತಲ್ಲ, ಎರ್ಡೂ ಒಂದೂ ಅದೂ ಸೇರಿ ನಾಕು" ಅಂದಳು. ಆಮೇಲೆ ಅನುಮಾನ ಬಂದು, "ಅಲ್ವಾ ಮಿಸ್?" ಅಂದಳು.

"ನಲವತ್ತು ಎಲ್ಲಿಂದ ಬಂತು?" ಅಂದರು ಮುಖ್ಯೋಪಾಧ್ಯಾಯಿನಿ. ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಬೆಳೆದವರು, ಅವರ ಮನೆಗೆ ಹೊಲವಿರಲಿಲ್ಲ.

"ಎಕರೆ ಗುಂಟೆ, ಮೇಡಂ. ಇವರ ಮನೇಲಿ ಚುಕ್ಕಿ ಇಟ್ಟು ಬರೆಯೋದು ಅದೊಂದನ್ನೇ. ನನಗೂ ಹೀಗೇ ಬಂದಿತ್ತು. ಪಾಠ ಮಾಡೋರದೇ ತಪ್ಪು ಅಂತ ಜಗಳಕ್ಕೆ ಹೋಗಿದ್ದೆ."

ಅವರು ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು. ಹಿಂದಕ್ಕೆ ಹೋಗಿ ಕೂರಲೂ ಇಲ್ಲ, ಅಲ್ಲೇ ಕಿಟಕಿಗೆ ಒರಗಿ ನಿಂತರು.

ಬೋರ್ಡಿನಲ್ಲಿ ಒಂದು ಉದ್ದನೆಯ ಹೊಲ ಎಳೆದೆ. "ಇದು ಒಂದೆಕ್ರೆ. ಎಷ್ಟು ಗುಂಟೆ?" ನಲವತ್ತು ಅಂದರು. ಅದರ ಕೆಳಗೆ ಅಷ್ಟೇ ಉದ್ದದ ಇನ್ನೊಂದು ಎಳೆದೆ. "ಇದು ಪುಸ್ತಕದ ಒಂದು. ಇದನ್ನ ನೂರು ಚೂರು ಮಾಡವ್ರೆ. ಇಲ್ಲಿ ನಲವತ್ತು ತುಂಬಿದ್ರೆ ಬದು ದಾಟುತ್ತಾ?"

"ಇಲ್ಲಾ."

"ಎಷ್ಟು ತುಂಬಬೇಕು?"

"ನೂರು!"

"ಅಂಗಾದ್ರೆ ಪುಸ್ತಕದ ಎಕ್ರೆನೇ ದೊಡ್ದಾ ಮಿಸ್?" ಅಂದ ಹಿಂದಿನ ಬೆಂಚಿನವನು. ಕ್ಲಾಸು ನಕ್ಕಿತು. ನಾನೂ ನಗಲು ಹೋಗಿ ನಿಲ್ಲಿಸಿದೆ, ಏಕೆಂದರೆ ಪ್ರಶ್ನೆ ಒಳ್ಳೆಯದಿತ್ತು. "ಒಂದೇ ಅಳತೆ ಕಣಪ್ಪ. ಚೂರು ಚಿಕ್ಕವು" ಅಂದೆ. ಅವನು ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

"ಸರಿ, ನಮ್ಮಲ್ಲಿ ಸೊನ್ನೆ ಚುಕ್ಕಿ ಇಪ್ಪತ್ತು ಅರ್ಧ. ಪುಸ್ತಕದಲ್ಲಿ ಅರ್ಧ ಎಷ್ಟು?"

ಗಲಾಟೆಯಾಯಿತು. ಕೆಲವರು ಇಪ್ಪತ್ತೇ ಅಂದರು. ಎರಡು ಜಡೆಯವಳು ಬೆಂಚಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಎಳೆದು ನೋಡಿ, ಈ ಸಲ ಕೂಗದೆ, "ಐವತ್ತಾ?" ಅಂದಳು. ಗಂಟೆ ಹೊಡೆದು ಆಗಲೇ ಹೊತ್ತಾಗಿತ್ತು. ಬಾಗಿಲಲ್ಲಿ ಮುಂದಿನ ಪೀರಿಯಡ್ಡಿನವರು ನಿಂತಿದ್ದರು.

ಸ್ಟಾಫ್ ರೂಮಿನಲ್ಲಿ ಮುಖ್ಯೋಪಾಧ್ಯಾಯಿನಿ ಬಾಟಲಿ ಎತ್ತಿ ನೀರು ಕುಡಿದರು. "ಲೆಕ್ಕ ಎಲ್ಲಿ ಕಲಿತಿರಿ?"

"ಮನೇಲಿ. ಫೋನಿನಲ್ಲಿ, ವಿಡಿಯೋ ನೋಡ್ಕೊಂಡು."

"ಯಾವಾಗ?"

"ಈ ವರ್ಷಾನೇ ಮೇಡಂ."

ಅವರು ನನ್ನನ್ನು ನೋಡಿದ ನೋಟದಲ್ಲಿ ಮೆಚ್ಚುಗೆಯಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. "ಪಾಠ ಚೆನ್ನಾಗಿತ್ತು ಅಂತ ಹೇಳಲ್ಲ. ಒಂದು ಕೂಡೋ ಲೆಕ್ಕಕ್ಕೆ ಇನ್ನೊಬ್ಬರ ಪೀರಿಯಡ್ಡೂ ತಿಂದಿರಿ" ಅಂದರು. ಬ್ಯಾಗಿನ ಜಿಪ್ಪು ಎಳೆದರು. "ಏಳನೇದಕ್ಕೆ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಸೋಮವಾರದಿಂದ ಅದೂ ನೀವೇ ತಗೊಳ್ಳಿ."

ಕೆಲಸ ಉಳಿಯಿತು ಅಂತ ಅರ್ಥವಾಗಲು ನನಗೆ ಬಸ್ಸು ಹತ್ತುವ ತನಕ ಬೇಕಾಯಿತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ಹಸುವಿಗೆ ಬೂಸ ಕಲಸುತ್ತಿದ್ದರು. ಮುಖ ನೋಡಿ, "ಏನಾಯ್ತು? ಉಳೀತಾ, ಓಯ್ತಾ?" ಅಂದರು.

"ಉಳೀತು."

"ಮತ್ಯಾಕೆ ಮೊಕ ಇಂಗ್ ಮಡೀಕಂಡಿದ್ದೀಯೆ?"

"ಏಳನೇ ಕ್ಲಾಸೂ ಕೊಟ್ರು ಅತ್ತೆ."

"ಕೊಟ್ರೆ ಕೊಡ್ಲಿ ಬುಡು. ನಿನ್ ಮೇಷ್ಟ್ರು ಇದ್ದಾನಲ್ಲ, ಕರಿ ಅವ್ನ್ನ."

ತಾರಸಿಗೆ ಹೋದೆ. ಮೊದಲು ಆ ಹಳೆಯ ವಿಡಿಯೋ ತೆಗೆದು ಕೆಳಗೆ ಬರೆದೆ: ‘ಸರ್, ನಮ್ಮ ಕಡೆ ಮಕ್ಕಳು ಎಕರೆ, ಗುಂಟೆಯ ನಡುವೆ ಚುಕ್ಕಿ ಇಟ್ಟು ಬೆಳೆದವರು. ಆ ಚುಕ್ಕಿ ಬೇರೆ, ಈ ಚುಕ್ಕಿ ಬೇರೆ ಅಂತ ಒಂದು ಮಾತು ಹೇಳಿ.’ ಹೆಸರು ಹಾಕಿದೆ. ಹೆಸರಿನ ಮುಂದೆ ಬಿ.ಎ. ಹಾಕಿದೆ. ಯಾರು ನಗುತ್ತಾರೋ ನೋಡಲೇಬಾರದು ಅಂದುಕೊಂಡು, ಕೆಳಗಿಳಿಯುವ ಮೆಟ್ಟಿಲಲ್ಲೇ ತೆಗೆದು ನೋಡಿದೆ. ಯಾರೂ ಬಂದಿರಲಿಲ್ಲ.

ಅಡುಗೆಮನೆಯಲ್ಲಿ ಫೋನು ಮತ್ತೆ ರಾಗಿ ಡಬ್ಬಕ್ಕೆ ಒರಗಿತು. ಏಳನೇ ತರಗತಿ, ಮೊದಲ ಪಾಠ. ನೀಲಿ ಅಂಗಿಯ ಬದಲು ಹಸಿರು ಅಂಗಿ. "ಬನ್ನಿ ಮಕ್ಕಳೇ, ಇವತ್ತು ಸೊನ್ನೆಗಿಂತ ಚಿಕ್ಕ ಸಂಖ್ಯೆಗಳನ್ನ ನೋಡೋಣ."

"ಸೊನ್ನೆಗಿಂತ ಚಿಕ್ಕದಾ?" ಅಂದರು ಅತ್ತೆ, ಬೂಸದ ಕೈ ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತು. "ಸೊನ್ನೆ ಅಂದ್ರೆ ಏನೂ ಇಲ್ಲ ಅಂತ. ಏನೂ ಇಲ್ದಿದ್ದಕ್ಕಿಂತ ಕಮ್ಮಿ ಎಂಗಮ್ಮ ಇರ್ತದೆ?"

ಸೋಮವಾರ ಏಳನೇ ಕ್ಲಾಸಿನಲ್ಲಿ ಎರಡು ಜಡೆಯವಳಂಥ ಇನ್ನೊಬ್ಬಳು ಇದನ್ನೇ ಕೇಳುತ್ತಾಳೆ. ಹಾಲು ಏರುತ್ತಿತ್ತು. ನಾನು ವಿಡಿಯೋ ನಿಲ್ಲಿಸಿ, ಒಲೆ ಸಣ್ಣ ಮಾಡಿ, "ತಡೀರಿ ಅತ್ತೆ, ಅದನ್ನ ಇನ್ನೊಂದ್ಸಲ ಹೇಳಿ" ಅಂದೆ.